ನೆಲಗಪ್ಪೆಯ ಸಂತಾನಕ್ರಮವೂ ಬೇಸಾಯಗಾರನ ಕರ್ತವ್ಯವೂ

(ರೈತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)



ಬೇಸಾಯಗಾರನಿಗೆ ಸಹಾಯಮಾಡುವ ಪ್ರಾಣಿಗಳು ಯಾವುವೆಂದು ಕೇಳಿದರೆ ಎತ್ತು, ಹಸು, ಎಮ್ಮೆ, ಕುರಿ, ನಾಯಿ ಎಂದು ಯಾರಾದರೂ ಹೇಳುವರು. ಇವುಗಳಿಗೆ ಮೇವು ಬೇಕು, ಕೊಟ್ಟಿಗೆ ಬೇಕು, ರೋಗ ಬಂದರೆ ಔಷಧ ಬೇಕು. ಇವಾವುದನ್ನೂ ಬೇಡದೆ, ಹಗಲೆಲ್ಲಾ ಕಲ್ಲಿನ ಸಂದಿಯಲ್ಲಿ ಅಡಗಿದ್ದು, ಕತ್ತಲಾದೊಡನೆ ತೋಟದ ಕಾವಲಿಗೆ ಹೊರಡುವ ಪ್ರಾಣಿಯೊಂದುಂಟು. ಅದೇ ನೆಲಗಪ್ಪೆ. ಕೆಲವು ಕಡೆಗಳಲ್ಲಿ ಇದನ್ನು ಗೋಂಕರುಕಪ್ಪೆಯೆಂದೂ ಕರೆಯುವರು.

ಇದರ ಒರಟು ಮೈಯನ್ನು ಕಂಡು ಅಸಹ್ಯಪಡುವವರೇ ಹೆಚ್ಚು. ಕೋಲು ಹಿಡಿದು ಕೊಲ್ಲುವವರೂ ಉಂಟು. ಆದರೆ ಕೋಲಿನಿಂದ ಸಾಯುವ ನೆಲಗಪ್ಪೆಗಳು ಕೆಲವು ಮಾತ್ರ. ಮಳೆಗಾಲದ ಆರಂಭದ ಐದಾರು ವಾರಗಳಲ್ಲಿ ಹೊಲದಂಚಿನ ಒಂದು ಹೊಂಡವನ್ನು ಬರಿದುಮಾಡಿದರೆ, ಅಥವಾ ಅದರಲ್ಲಿ ಕೀಟನಾಶಕದ ಡಬ್ಬಗಳನ್ನು ತೊಳೆದರೆ, ಸಾವಿರಾರು ಮರಿಗಳು ಒಂದೇ ಸಲ ಹಾಳಾಗುವುವು. ಹೀಗೆ ಮಾಡುವವರು ದ್ವೇಷದಿಂದ ಮಾಡುವುದಿಲ್ಲ. ಆ ಪ್ರಾಣಿಯು ಎಲ್ಲಿ, ಯಾವಾಗ, ಯಾವ ರೀತಿಯಲ್ಲಿ ಸಂತಾನವನ್ನು ಪಡೆಯುವುದೆಂಬುದನ್ನು ಅರಿಯದೆ ಮಾಡುವರು. ಆದುದರಿಂದ ಆ ವಿಷಯವನ್ನೇ ಈ ಉಪನ್ಯಾಸದಲ್ಲಿ ವಿವರಿಸಲಾಗುವುದು.

ಪ್ರಾಣಿಯ ಪರಿಚಯ

ನೆಲಗಪ್ಪೆಯ ಚರ್ಮವು ಒಣಗಿದಂತೆ ಕಾಣುವುದು. ಮೈಮೇಲೆಲ್ಲಾ ಗಂಟುಗಳಿದ್ದು ಅವುಗಳ ತುದಿ ಕಪ್ಪಾಗಿರುವುದು. ಕಣ್ಣುಗಳ ಸುತ್ತ ತಲೆಯ ಮೇಲೆ ಕಪ್ಪು ಏಣುಗಳಿರುವುವು. ಕಣ್ಣಿನ ಹಿಂದೆ ಎರಡು ಪಕ್ಕದಲ್ಲಿಯೂ ಉಬ್ಬಿದ ವಿಷಗ್ರಂಥಿಗಳುಂಟು. ಇದನ್ನು ಶಾಸ್ತ್ರಜ್ಞನಾದ ಷ್ನೈಡರನು 1799ನೆಯ ಇಸವಿಯಲ್ಲಿ ವರ್ಣಿಸಿ ಹೆಸರಿಟ್ಟನು. ಬಹುಕಾಲ 'ಬ್ಯೂಫೋ' ಎಂಬ ಕುಲದಲ್ಲಿ ಸೇರಿದ್ದ ಈ ಪ್ರಾಣಿಯನ್ನು 2006ರಲ್ಲಿ 'ದತ್ತಾಫ್ರೈನಸ್' ಎಂಬ ಹೊಸ ಕುಲಕ್ಕೆ ಸೇರಿಸಿದರು. ಭಾರತೀಯ ಕಪ್ಪೆಗಳ ವಿಷಯದಲ್ಲಿ ವಿದ್ವಾಂಸರಾದ ಸುಶೀಲ ಕುಮಾರ ದತ್ತರ ಗೌರವಾರ್ಥವಾಗಿ ಆ ಹೆಸರನ್ನು ಕೊಟ್ಟದ್ದು.

ಇದರ ಮುಖ್ಯ ಆಹಾರ ಇರುವೆ, ಗೆದ್ದಲು, ಜೀರುಂಡೆ, ಕಂಬಳಿಹುಳು ಮೊದಲಾದುವು. ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲುಗಳು ಹುತ್ತದಿಂದೇಳುವಾಗ ನೆಲಗಪ್ಪೆಗಳು ಅಲ್ಲಿ ನೆರೆದು ಹೊಟ್ಟೆ ತುಂಬಿಸಿಕೊಳ್ಳುವುದನ್ನು ಎಲ್ಲರೂ ಕಂಡಿರುವರು. ಬೆಳೆದ ನೆಲಗಪ್ಪೆಯು ಸಸಿಯನ್ನಾಗಲಿ ಕಾಯಿಯನ್ನಾಗಲಿ ಮುಟ್ಟುವುದಿಲ್ಲ. ಆದರೆ ಜೇನುಸಾಕಣೆ ಮಾಡುವವರಿಗೆ ಒಂದು ಎಚ್ಚರಿಕೆ ಸಲ್ಲುವುದು: ಪೆಟ್ಟಿಗೆಯು ನೆಲಕ್ಕೆ ತಗ್ಗಾಗಿದ್ದರೆ ಅದರ ಬಾಗಿಲಲ್ಲಿ ಕುಳಿತು ಜೇನುಹುಳುಗಳನ್ನು ನುಂಗುವ ಅಭ್ಯಾಸ ಇದಕ್ಕುಂಟು. ಪೆಟ್ಟಿಗೆಯನ್ನು ಎತ್ತರವಾದ ಕಾಲುಗಳ ಮೇಲಿಟ್ಟರೆ ಈ ತೊಂದರೆ ತಪ್ಪುವುದು.

ನೆಲದ ಪ್ರಾಣಿಗೆ ನೀರಿನ ಹಂಗು

ನೆಲಗಪ್ಪೆಯು ಉಳಿದ ಅನೇಕ ಕಪ್ಪೆಗಳಂತೆ ಸದಾ ನೀರಿನ ಅಂಚಿನಲ್ಲಿ ಇರತಕ್ಕದ್ದಲ್ಲ. ಮನೆಯ ಮೂಲೆ, ಹೂವಿನ ಕುಂಡದ ಬುಡ, ಗೊಬ್ಬರಗುಂಡಿಯ ಪಕ್ಕ, ತೋಟದ ಬದು, ಇವೇ ಅದರ ವಾಸಸ್ಥಾನಗಳು. ಅದು ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲಕ್ಕೆ ಹೊಟ್ಟೆಯ ಅಡಿಯನ್ನು ಒತ್ತಿ ಚರ್ಮದ ಮೂಲಕವೇ ನೀರನ್ನು ಹೀರಿಕೊಳ್ಳುವುದು. ಹೀಗೆ ನೆಲದ ಮೇಲೆ ಬಾಳುವುದಕ್ಕೆ ಹೊಂದಿಕೊಂಡಿದ್ದರೂ ಒಂದು ವಿಷಯದಲ್ಲಿ ಅದು ನೀರಿನ ಹಂಗನ್ನು ತೊರೆಯಲಾರದು. ಅದರ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಗಟ್ಟಿಯಾದ ಚಿಪ್ಪಿಲ್ಲ. ಗಾಳಿಗೆ ಬಿದ್ದರೆ ಅದು ಒಣಗಿಹೋಗುವುದು. ಮರಿಯು ಮೊದಲಲ್ಲಿ ಮೀನಿನಂತೆ ಕಿವಿರುಗಳಿಂದ ಉಸಿರಾಡುವುದು. ಆದುದರಿಂದ ವರ್ಷವೆಲ್ಲಾ ತೋಟದಲ್ಲಿರುವ ನೆಲಗಪ್ಪೆಯು ಸಂತಾನದ ಕಾಲದಲ್ಲಿ ನಿಂತ ನೀರನ್ನು ಹುಡುಕಿಕೊಂಡು ಹೋಗಲೇಬೇಕು.

ಅದು ಹುಡುಕುವುದು ಎಂತಹ ನೀರನ್ನು? ದೊಡ್ಡ ಕೆರೆಯ ಆಳವಾದ ನೀರು ಅದಕ್ಕೆ ಅಷ್ಟಾಗಿ ಒಗ್ಗದು, ಅಲ್ಲಿ ಮೀನುಗಳಿರುವುವು. ಹೊಸ ಮಳೆಗೆ ತುಂಬಿದ ಹೊಂಡ, ಕಲ್ಲು ತೆಗೆದ ಗುಂಡಿ, ಗದ್ದೆಯ ಮೂಲೆ, ಕೆರೆಯಂಗಳದ ತಗ್ಗು, ಮೆಲ್ಲಗೆ ಹರಿಯುವ ಕಾಲುವೆಯ ಅಂಚು, ಇವೇ ಅದಕ್ಕೆ ಬೇಕು. ನೀರು ಮೊಣಕಾಲಷ್ಟೂ ಇರಬೇಕಾಗಿಲ್ಲ. ಬಿಸಿಲಿಗೆ ಬೇಗ ಬೆಚ್ಚಗಾಗುವ, ಪಾಚಿ ಕಟ್ಟುವ, ಹುಲ್ಲು ಮುಳುಗಿರುವ ತೆಳುನೀರೇ ಮರಿಗಳ ಬೆಳವಣಿಗೆಗೆ ಅನುಕೂಲವಾದುದು. ನೋಡುವವರಿಗೆ ಕೆಲಸಕ್ಕೆ ಬಾರದ ಕೊಚ್ಚೆಯೆಂದು ತೋರುವ ಜಾಗವೇ ಅದಕ್ಕೆ ಬಾಣಂತಿಯ ಮನೆ.

ಕೂಗಿನ ಅರ್ಥ

ಮುಂಗಾರಿಗೆ ಮುಂಚಿನ ಗುಡುಗುಮಳೆಯಿಂದ ಹಿಡಿದು ರೋಹಿಣಿ, ಮೃಗಶಿರಾ ಮಳೆಗಳವರೆಗೆ ಹೊಂಡಗಳ ಕಡೆಯಿಂದ ರಾತ್ರಿಯಲ್ಲಿ 'ಕುರ್‌ರ್‌ರ್' ಎಂದು ಎಡೆಬಿಡದೆ ಎಳೆಯುವ ನಾದ ಕೇಳಿಬರುವುದು. ಅನುಕೂಲವಾದ ನೀರು ದೊರೆತರೆ ವರ್ಷದ ಬೇರೆ ತಿಂಗಳುಗಳಲ್ಲಿಯೂ ಇದನ್ನು ಕೇಳಬಹುದು. ಹೀಗೆ ಕೂಗುವುದು ಗಂಡು ಮಾತ್ರ. ಅದರ ಗಂಟಲಿನಡಿಯಲ್ಲಿ ಒಂದು ಚೀಲವುಂಟು. ಕೂಗುವಾಗ ಅದು ಬುಗ್ಗೆಯಂತೆ ಉಬ್ಬುವುದು. ಸಂತಾನಕಾಲದಲ್ಲಿ ಗಂಡಿನ ಗಂಟಲು ಹಳದಿ ಅಥವಾ ಕಿತ್ತಳೆಯ ಛಾಯೆಗೆ ತಿರುಗುವುದು. ಮುಂಗಾಲಿನ ಒಳಬೆರಳುಗಳ ಮೇಲೆ ಒರಟಾದ ಕಪ್ಪು ಮೆತ್ತೆಗಳು ಹುಟ್ಟುವುವು. ಹೆಣ್ಣು ಗಾತ್ರದಲ್ಲಿ ದೊಡ್ಡದು. ಅದರ ಹೊಟ್ಟೆಯು ಮೊಟ್ಟೆಗಳಿಂದ ತುಂಬಿ ಎರಡು ಪಕ್ಕಕ್ಕೂ ಉಬ್ಬಿರುವುದು.

ಕೂಗು ಹೆಣ್ಣಿಗೆ ಕೊಡುವ ಕರೆ. ಕತ್ತಲಲ್ಲಿ ಹೊಂಡ ಎಲ್ಲಿದೆ, ಅಲ್ಲಿ ತನ್ನ ಜಾತಿಯ ಗಂಡು ಇದೆಯೇ ಎಂಬುದನ್ನು ಹೆಣ್ಣು ಈ ನಾದದಿಂದಲೇ ತಿಳಿಯುವುದು. ಒಂದೊಂದು ಜಾತಿಯ ಕಪ್ಪೆಗೂ ಒಂದೊಂದು ಸ್ವರವಿರುವುದರಿಂದ ಒಂದೇ ಹೊಂಡದಲ್ಲಿ ಹಲವು ಜಾತಿಗಳು ಕೂಗಿದರೂ ಹೆಣ್ಣು ದಾರಿ ತಪ್ಪುವುದು ಅಪೂರ್ವ.

ಮಳೆ ತಡೆದ ವರ್ಷಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡಿಸುವ ರೂಢಿ ಕನ್ನಡನಾಡಿನ ಹಲವು ಊರುಗಳಲ್ಲಿ ಉಂಟು. 2019ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಉಡುಪಿಯಲ್ಲಿಯೂ ಇಂತಹ ಮಂಡೂಕ ಕಲ್ಯಾಣವೊಂದು ನಡೆಯಿತು. ಮಳೆಗೂ ಕಪ್ಪೆಯ ಕೂಟಕ್ಕೂ ಸಂಬಂಧವುಂಟೆಂದು ಹಿರಿಯರು ಕಂಡುಕೊಂಡುದು ಸರಿಯಾದುದೇ. ಆದರೆ ಪ್ರಕೃತಿಯಲ್ಲಿ ಅದರ ಕ್ರಮವು ಹಿಂದುಮುಂದಾಗಿರುವುದು: ಮೊದಲು ಮಳೆ, ಆಮೇಲೆ ಮದುವೆ.

ಅಪ್ಪುಗೆಯೂ ಮೊಟ್ಟೆಯ ಸರವೂ

ಹೆಣ್ಣು ನೀರಿನ ಬಳಿಗೆ ಬಂದೊಡನೆ ಗಂಡು ಅದರ ಬೆನ್ನನ್ನೇರಿ ಕಂಕುಳಿನ ಕೆಳಗೆ ಮುಂಗಾಲುಗಳಿಂದ ಬಿಗಿಯಾಗಿ ಅಪ್ಪಿಕೊಳ್ಳುವುದು. ಬೆರಳಿನ ಒರಟು ಮೆತ್ತೆಗಳು ಜಾರದಂತೆ ಹಿಡಿಯಲು ಸಹಾಯಮಾಡುವುವು. ಈ ಹಿಡಿತವು ಗಂಟೆಗಟ್ಟಲೆ ನಿಲ್ಲುವುದು. ಇದನ್ನು ಕಂಡವರು 'ದೊಡ್ಡ ಕಪ್ಪೆ ಮರಿಯನ್ನು ಹೊತ್ತಿದೆ' ಎಂದು ಭಾವಿಸುವುದುಂಟು. ಅದು ತಪ್ಪು, ಮೇಲಿರುವುದು ಮರಿಯಲ್ಲ, ಬೆಳೆದ ಗಂಡು.

ಗಂಡುಗಳು ಹೆಚ್ಚಾಗಿ ನೆರೆದ ಹೊಂಡದಲ್ಲಿ ನೂಕುನುಗ್ಗಲಾಗುವುದು. ಆತುರದಲ್ಲಿ ಒಂದು ಗಂಡು ಮತ್ತೊಂದು ಗಂಡನ್ನೇ ಹಿಡಿಯುವುದು ಸಾಮಾನ್ಯ. ಆಗ ಹಿಡಿಸಿಕೊಂಡ ಗಂಡು ಚಿಕ್ಕ ಚಿಕ್ಕ ಸ್ವರವನ್ನು ಹೊರಡಿಸಿ ಮೈಯನ್ನು ನಡುಗಿಸುವುದು. 'ನಾನು ಹೆಣ್ಣಲ್ಲ, ಬಿಡು' ಎಂಬುದೇ ಇದರ ಅರ್ಥ. ಹಿಡಿದುದು ಸಾಮಾನ್ಯವಾಗಿ ಬಿಟ್ಟುಬಿಡುವುದು. ಕೆಲವು ವೇಳೆ ಹಲವು ಗಂಡುಗಳು ಒಂದೇ ಹೆಣ್ಣನ್ನು ಮುತ್ತಿ ಅದು ನೀರಿನಲ್ಲಿ ಮುಳುಗಿ ಸಾಯುವುದೂ ಉಂಟು. ಇದನ್ನು ರೋಗವೆಂದು ತಿಳಿಯಬೇಕಾಗಿಲ್ಲ.

ಜೋಡಿಯು ನೀರಿನೊಳಗೆ ಹುಲ್ಲು ಜೊಂಡುಗಳ ನಡುವೆ ಚಲಿಸುತ್ತಿರುವಾಗ ಹೆಣ್ಣು ಮೊಟ್ಟೆಗಳನ್ನು ಹೊರಬಿಡುವುದು; ಅದೇ ಕ್ಷಣದಲ್ಲಿ ಗಂಡು ಅವುಗಳ ಮೇಲೆ ರೇತಸ್ಸನ್ನು ಬಿಡುವುದು. ಫಲಿಸುವ ಕಾರ್ಯವು ಹೆಣ್ಣಿನ ಗರ್ಭದಲ್ಲಿ ನಡೆಯದೆ ನೀರಿನಲ್ಲಿಯೇ ನಡೆಯುವುದು. ಮೊಟ್ಟೆಗಳು ಅಂಟುಲೋಳೆಯ ಉದ್ದವಾದ ಎರಡು ಎಳೆಗಳಲ್ಲಿ ಕರಿಮಣಿಯ ಸರದಂತೆ ಪೋಣಿಸಲ್ಪಟ್ಟು ಗಿಡಗಳಿಗೆ ಸುತ್ತಿಕೊಂಡಿರುವುವು. ನೆಲಗಪ್ಪೆಯ ಮೊಟ್ಟೆಯನ್ನು ಗುರುತಿಸುವುದಕ್ಕೆ ಈ ಸರವೇ ಸಾಕು. ಮರಗಪ್ಪೆಯು ನೀರಿನ ಮೇಲೆ ಬಾಗಿದ ಗಿಡಗಳಲ್ಲಿ ಬಿಳಿಯ ನೊರೆಗೂಡನ್ನು ಕಟ್ಟುವುದು. ಉಳಿದ ಅನೇಕ ಕಪ್ಪೆಗಳ ಮೊಟ್ಟೆಗಳು ಮುದ್ದೆಯಾಗಿಯೋ ಹಾಳೆಯಾಗಿಯೋ ತೇಲುವುವು. ಒಂದು ಹೆಣ್ಣು ಒಂದು ಸಲಕ್ಕೆ ಸಾವಿರಾರು ಮೊಟ್ಟೆಗಳನ್ನಿಡುವುದು. ಆಮೇಲೆ ತಾಯಿಯೂ ತಂದೆಯೂ ಅವುಗಳ ಕಡೆ ನೋಡುವುದಿಲ್ಲ; ಹೆಣ್ಣು ತೋಟಕ್ಕೆ ಹಿಂದಿರುಗುವುದು.

ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ ಕಪ್ಪೆಶಂಕರವೆಂಬ ಸ್ಥಳವುಂಟು. ಪ್ರಸವವೇದನೆಯಿಂದಿದ್ದ ಕಪ್ಪೆಗೆ ಬಿಸಿಲು ತಾಗದಂತೆ ಸರ್ಪವು ಹೆಡೆಯೆತ್ತಿ ನೆರಳು ಮಾಡಿದುದನ್ನು ಶಂಕರಾಚಾರ್ಯರು ಅಲ್ಲಿ ಕಂಡರೆಂದು ಐತಿಹ್ಯ. ಕಪ್ಪೆಯ ಸಂತಾನದ ಸಮಯವು ಕಾಪಾಡತಕ್ಕ ಸಮಯವೆಂಬ ಭಾವನೆ ನಾಡಿನಲ್ಲಿ ಹಳೆಯದೆಂಬುದಕ್ಕೆ ಈ ಕಥೆಯೇ ಸಾಕ್ಷಿ.

ಗೊದಮೊಟ್ಟೆಗಳ ಬಾಳು

ಬೆಚ್ಚಗಿನ ನೀರಿನಲ್ಲಿ ಕೆಲವೇ ದಿನಗಳೊಳಗೆ ಮೊಟ್ಟೆಯೊಡೆದು ಸಣ್ಣ ಕಪ್ಪು ಗೊದಮೊಟ್ಟೆಗಳು ಹೊರಬರುವುವು. ಮೊದಲು ಲೋಳೆಗೇ ಅಂಟಿಕೊಂಡಿದ್ದು ಅನಂತರ ಈಜುತ್ತ ಪಾಚಿಯನ್ನೂ ಕೊಳೆತ ಎಲೆಯ ಚೂರುಗಳನ್ನೂ ಕೆರೆದು ತಿನ್ನುವುವು. ಇವು ಕರಿಮೋಡದಂತೆ ಗುಂಪುಗುಂಪಾಗಿ ಅಂಚಿನ ತೆಳುನೀರಿನಲ್ಲಿ ಸಂಚರಿಸುವುದನ್ನು ಎಲ್ಲರೂ ನೋಡಬಹುದು. ಈ ಗುಂಪುಗೂಡುವಿಕೆ ಕೇವಲ ಆಕಸ್ಮಿಕವಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರಜ್ಞರಾದ ಎಸ್. ಕೆ. ಸೈದಾಪುರರೂ ಅವರ ಸಹೋದ್ಯೋಗಿಗಳೂ ಈ ಗೊದಮೊಟ್ಟೆಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಒಂದೇ ತಾಯಿಯ ಮರಿಗಳು ತಮ್ಮ ಒಡಹುಟ್ಟಿದವನ್ನು ಗುರುತಿಸಿ ಅವುಗಳ ಬಳಿಯಿರಲು ಬಯಸುವುವೆಂದು ತೋರಿಸಿದರು.

ಮೊದಲು ಹಿಂಗಾಲುಗಳು, ಆಮೇಲೆ ಮುಂಗಾಲುಗಳು ಮೂಡುವುವು. ಕಿವಿರು ಹೋಗಿ ಶ್ವಾಸಕೋಶವು ಕೆಲಸಕ್ಕೆ ಬರುವುದು. ಬಾಲವು ಉದುರಿಹೋಗುವುದಿಲ್ಲ, ದೇಹದೊಳಕ್ಕೇ ಕರಗಿ, ಬಾಯಿಯ ರಚನೆಯು ಮಾರ್ಪಡುವ ಆ ದಿನಗಳಲ್ಲಿ ಮರಿಗೆ ಆಹಾರವಾಗುವುದು. ಇದಕ್ಕೆಲ್ಲ ಒಟ್ಟಿನಲ್ಲಿ ಸುಮಾರು ಒಂದು ತಿಂಗಳಿನಿಂದ ಒಂದೂವರೆ ತಿಂಗಳು ಹಿಡಿಯುವುದು. ಆಗ ಹೊರಬರುವ ಮರಿಯು ಒಂದು ಕಡಲೆಕಾಳಿಗಿಂತ ಹೆಚ್ಚು ದೊಡ್ಡದಲ್ಲ.

ಈ ಅವಧಿಯಲ್ಲಿ ಅಪಾಯಗಳು ಅನೇಕ. ಮಳೆ ಕೈಕೊಟ್ಟು ಹೊಂಡವು ಬತ್ತಿದರೆ ಎಲ್ಲವೂ ಒಟ್ಟಿಗೇ ಸಾಯುವುವು. ನೀರುಹುಳುಗಳೂ ಕೊಡತಿಹುಳುವಿನ ಮರಿಗಳೂ ಕೆಲವನ್ನು ಹಿಡಿಯುವುವು. ಸಾವಿರಾರು ಮೊಟ್ಟೆಗಳಲ್ಲಿ ಬೆಳೆದು ತೋಟವನ್ನು ಸೇರುವುವು ಬೆರಳೆಣಿಕೆಯಷ್ಟೇ. ಪ್ರಕೃತಿಯು ಈ ನಷ್ಟವನ್ನು ಲೆಕ್ಕ ಹಾಕಿಯೇ ಅಷ್ಟು ಮೊಟ್ಟೆಗಳನ್ನು ಕೊಟ್ಟಿದೆ. ಆದರೆ ವಿಷ ಕಲೆಸಿದ ನೀರಿನಲ್ಲಿ ಒಂದೂ ಉಳಿಯದಂತಾಗುವುದು ಆ ಲೆಕ್ಕದಲ್ಲಿ ಸೇರಿದ್ದಲ್ಲ.

ಸಾಕಿ ನೋಡುವವರಿಗೆ

ಮಕ್ಕಳೂ ಉಪಾಧ್ಯಾಯರೂ ನೆಲಗಪ್ಪೆಯನ್ನು ಪೆಟ್ಟಿಗೆಯಲ್ಲಿಟ್ಟು ನೋಡಲು ಬಯಸುವುದುಂಟು. ಮನೆಯ ಕುಂಡದಡಿಯಲ್ಲಿ ವರ್ಷಗಟ್ಟಲೆ ನೆಲೆಸಿದ ನೆಲಗಪ್ಪೆಯನ್ನು ಸಾಕಿದ ಪ್ರಾಣಿಯಂತೆಯೇ ಕಾಣುವ ಸಂಸಾರಗಳೂ ಉಂಟು. ಅವರು ಕೆಲವು ಲಕ್ಷಣಗಳನ್ನು ತಿಳಿದಿರಬೇಕು. ಎತ್ತಿದೊಡನೆ ಚಿಲಿಪಿಲಿಗುಟ್ಟಿ ಮೈ ನಡುಗಿಸಿದರೆ ಅದು ಗಂಡು. ಮೇಲೆ ಹೇಳಿದ 'ಬಿಡು' ಎಂಬ ಸ್ವರವೇ ಅದು. ಬೆರಳನ್ನೋ ಮರದ ತುಂಡನ್ನೋ ತಬ್ಬಿಕೊಂಡರೆ ಋತು ಬಂದಿತೆಂದು ತಿಳಿಯಬೇಕೇ ಹೊರತು ಹುಚ್ಚೆಂದಲ್ಲ. ಮಳೆಗಾಲದಲ್ಲಿ ಹೆಣ್ಣಿನ ಹೊಟ್ಟೆ ಉಬ್ಬಿದ್ದರೆ ಬಹುಮಟ್ಟಿಗೆ ಅದು ಮೊಟ್ಟೆಗಳಿಂದಲೇ.

ಗಂಡು ಹೆಣ್ಣುಗಳನ್ನು ಒಣ ಪೆಟ್ಟಿಗೆಯಲ್ಲಿ ಕೂಡಿಟ್ಟ ಮಾತ್ರಕ್ಕೆ ಅವು ಸಂತಾನ ಪಡೆಯುವುದಿಲ್ಲ. ಮಳೆಯ ತಂಪು, ನಿಂತ ನೀರು, ಗಂಡಿನ ಕೂಗು, ಇವೆಲ್ಲ ಸೇರಿದಾಗಲೇ ಅವುಗಳ ದೇಹದಲ್ಲಿ ಆ ಪ್ರವೃತ್ತಿ ಏಳುವುದು. ಇಡದೆ ಉಳಿದ ಮೊಟ್ಟೆಗಳು ಹೆಣ್ಣಿನ ದೇಹದಲ್ಲಿಯೇ ಕರಗಿಹೋಗುವುದುಂಟು. ಆದುದರಿಂದ ಹಿಡಿದಿಡುವುದಕ್ಕಿಂತ ಹೊಂಡದ ಬಳಿಗೆ ದೀಪವನ್ನು ಹಿಡಿದುಹೋಗಿ ಸದ್ದಿಲ್ಲದೆ ನೋಡುವುದೇ ಮೇಲು. ಕುಂಡದಡಿಯ ನೆಲಗಪ್ಪೆಯು ಮಳೆ ಬಂದ ರಾತ್ರಿ ಕಾಣೆಯಾದರೆ ಹುಡುಕಿ ತರಬಾರದು. ಅದು ತನ್ನ ಕೆಲಸಕ್ಕೆ ಹೋಗಿರುವುದು.

ಇದನ್ನು ಮುಟ್ಟಿದರೆ ನರುಲಿ ಏಳುವುದೆಂಬುದು ಸುಳ್ಳು. ನರುಲಿಗೆ ಕಾರಣ ಮನುಷ್ಯರಿಂದ ಮನುಷ್ಯರಿಗೆ ಹರಡುವ ಒಂದು ಬಗೆಯ ವೈರಸ್. ಆದರೆ ಕಣ್ಣಿನ ಹಿಂದಿನ ಗ್ರಂಥಿಗಳ ಹಾಲು ವಿಷವೆಂಬುದು ನಿಜ, ಮೊಟ್ಟೆಗಳಲ್ಲಿಯೂ ವಿಷವುಂಟು. ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೂ ಬಾಯಿಗೂ ತಗುಲಿಸಕೂಡದು. ನಾಯಿಯು ಕಚ್ಚಿ ನೊರೆ ಸುರಿಸಿದರೆ ಅದರ ಬಾಯನ್ನು ನೀರಿನಿಂದ ಚೆನ್ನಾಗಿ ತೊಳೆದು ಪಶುವೈದ್ಯರಿಗೆ ತೋರಿಸಬೇಕು.

ಸೊಳ್ಳೆಯ ಪ್ರಶ್ನೆ

'ನಿಂತ ನೀರನ್ನು ಉಳಿಸಿದರೆ ಸೊಳ್ಳೆ ಹೆಚ್ಚುವುದಿಲ್ಲವೇ?' ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಗೊದಮೊಟ್ಟೆಗಳು ಸೊಳ್ಳೆಯ ಮರಿಗಳನ್ನೆಲ್ಲ ತಿಂದು ಮುಗಿಸುವುವೆಂದು ಹೇಳುವುದು ಸುಳ್ಳಾಗುವುದು. ಮನುಷ್ಯರ ಆರೋಗ್ಯವೇ ಮೊದಲು. ಆದರೆ ಎಲ್ಲ ನೀರೂ ಒಂದೇ ಅಲ್ಲ. ಡೆಂಗೆಜ್ವರವನ್ನು ಹರಡುವ ಸೊಳ್ಳೆಯು ಹೆಚ್ಚಾಗಿ ಮನೆಯ ಸುತ್ತಿನ ತೊಟ್ಟಿ, ಬಾನಿ, ಹಳೆಯ ಟೈರು, ತೆಂಗಿನ ಚಿಪ್ಪು ಮೊದಲಾದುವುಗಳಲ್ಲಿ ಮೊಟ್ಟೆಯಿಡುವುದು. ಇವನ್ನು ವಾರಕ್ಕೊಮ್ಮೆ ಬರಿದುಮಾಡುವುದರಿಂದ ನೆಲಗಪ್ಪೆಗೆ ನಷ್ಟವಿಲ್ಲ. ಮನೆಗೆ ಹತ್ತಿರದ ಗುಂಡಿಗಳನ್ನು ಬೇಸಗೆಯಲ್ಲಿಯೇ, ಅಂದರೆ ಮೊಟ್ಟೆ ಬೀಳುವುದಕ್ಕೆ ಮುಂಚೆಯೇ, ಮುಚ್ಚಬೇಕು. ಊರಿಂದ ದೂರದ ಹೊಲದಂಚಿನ ಹೊಂಡವೊಂದನ್ನು ಬಿಡಬೇಕು. ಮಲೇರಿಯಾ ಇರುವ ಊರಿನಲ್ಲಿ ಆರೋಗ್ಯ ಇಲಾಖೆಯವರನ್ನು ಕೇಳಿಯೇ ಇದನ್ನು ನಿರ್ಧರಿಸತಕ್ಕದ್ದು.

ಸೊಳ್ಳೆಯ ನಿವಾರಣೆಗಾಗಿ 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗ್ಯಾಂಬೂಸಿಯಾ ಎಂಬ ಸಣ್ಣ ಮೀನು ಈಗ ಬಹು ಕಡೆ ಹರಡಿರುವುದು. ಅದು ಸೊಳ್ಳೆಯ ಮರಿಗಳನ್ನಲ್ಲದೆ ಕಪ್ಪೆಗಳ ಮೊಟ್ಟೆ ಮರಿಗಳನ್ನೂ ತಿನ್ನಬಲ್ಲದು. ಕಪ್ಪೆಗಾಗಿ ಬಿಟ್ಟ ಹೊಂಡದಲ್ಲಿ ಅದನ್ನು ಬಿಡಬಾರದು.

ಬೇರೆ ನಾಡುಗಳಿಂದ ಕಲಿಯತಕ್ಕ ಪಾಠ

ಇಷ್ಟು ಉಪಯುಕ್ತವಾದ ಪ್ರಾಣಿಯನ್ನು ಬೇರೆ ಕಡೆಗೂ ಕೊಂಡೊಯ್ದು ಬಿಡಬಾರದೇಕೆ ಎಂಬ ಯೋಚನೆ ಬರಬಹುದು. 1935ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನವರು ಕಬ್ಬಿನ ಜೀರುಂಡೆಯನ್ನು ನಾಶಮಾಡಲೆಂದು ಹವಾಯಿ ದ್ವೀಪದಿಂದ ಅಮೆರಿಕದ ಮೂಲದ ದೊಡ್ಡ ನೆಲಗಪ್ಪೆಯನ್ನು ತರಿಸಿದರು. ಜೀರುಂಡೆ ಕಡಮೆಯಾಗಲಿಲ್ಲ, ಕಪ್ಪೆಯು ಮಿತಿಯಿಲ್ಲದೆ ಬೆಳೆದು, ಅದನ್ನು ತಿಂದ ಅಲ್ಲಿನ ಪ್ರಾಣಿಗಳು ವಿಷದಿಂದ ಸತ್ತುವು. ನಮ್ಮ ನಾಡಿನಲ್ಲಿ ಕಾಣುವ ಈ ಜಾತಿಯೇ ಮಡಗಾಸ್ಕರ್ ದ್ವೀಪದ ತೋಮಸೀನ ಬಂದರಿನ ಸುತ್ತ ಹರಡಿರುವುದು 2014ರಲ್ಲಿ ಬೆಳಕಿಗೆ ಬಂದು, ಅಲ್ಲಿನವರಿಗೆ ದೊಡ್ಡ ಚಿಂತೆಯಾಗಿದೆ. ಒಂದು ನಾಡಿನ ಕಾವಲುಗಾರ ಮತ್ತೊಂದು ನಾಡಿನಲ್ಲಿ ಕಳ್ಳನಾಗಬಹುದು. ಆದುದರಿಂದ ಇದ್ದ ಕಡೆಯಲ್ಲಿಯೇ ಅದನ್ನು ಉಳಿಸುವುದು ಕ್ಷೇಮ.

ಮಾಡತಕ್ಕ ಕೆಲಸಗಳು

1. ಹೊಲದಂಚಿನಲ್ಲಿ ಮಳೆನೀರು ನಿಲ್ಲುವ ಹೊಂಡವೊಂದನ್ನು ಬಿಡುವುದು. ಅದರ ಒಂದು ಅಂಚಾದರೂ ಮೆಲ್ಲಗೆ ಇಳಿಜಾರಾಗಿರಬೇಕು. ನೆಟ್ಟಗಿನ ಗೋಡೆಯನ್ನು ಮರಿಗಳು ಏರಲಾರವು.

2. ಮೊಟ್ಟೆಯ ಸರ ಕಂಡ ದಿನದಿಂದ ಆರು ವಾರ ಆ ನೀರನ್ನು ಕಲಕದೆ, ಹೂಳೆತ್ತದೆ ಇರುವುದು. ಹೂಳೆತ್ತುವ ಕೆಲಸವನ್ನು ಬೇಸಗೆಯಲ್ಲಿಯೇ ಮುಗಿಸುವುದು.

3. ಕೀಟನಾಶಕವನ್ನೂ ಕಳೆನಾಶಕವನ್ನೂ ಹೊಂಡದ ಪಕ್ಕದಲ್ಲಿ ಕಲಸಬಾರದು; ಪಂಪು, ಡಬ್ಬಗಳನ್ನು ಅದರಲ್ಲಿ ತೊಳೆಯಬಾರದು. ಚರ್ಮದಿಂದಲೇ ನೀರು ಹೀರುವ ಪ್ರಾಣಿಗೆ ವಿಷವೂ ಚರ್ಮದಿಂದಲೇ ಒಳಸೇರುವುದು. ಉಪ್ಪನ್ನು ಎರಚಿ ಓಡಿಸುವುದೂ ಇದೇ ಕಾರಣದಿಂದ ಕ್ರೌರ್ಯವಾಗುವುದು.

4. ಸಂತಾನಕಾಲದ ಮಳೆಯ ರಾತ್ರಿಗಳಲ್ಲಿ ಹೊಂಡದ ಬಳಿಯ ದಾರಿಯಲ್ಲಿ ಗಾಡಿಯನ್ನು ನಿಧಾನವಾಗಿ ನಡೆಸುವುದು.

5. ತೋಟದ ಒಂದು ಮೂಲೆಯಲ್ಲಿ ಕಲ್ಲುಗುಪ್ಪೆ, ಒಣಗಿದ ಎಲೆ, ಒಡೆದ ಮಡಕೆಯ ಚೂರುಗಳನ್ನು ಬಿಡುವುದು. ಹೊಂಡದಿಂದ ಹೊರಬಂದ ಮರಿಗಳಿಗೆ ಹಗಲು ತಂಗಲು ಒದ್ದೆ ನೆರಳು ಬೇಕು.

6. ಗೊದಮೊಟ್ಟೆಗಳಿಗೆ ಕಲ್ಲೆಸೆಯುವ ಹುಡುಗರಿಗೆ ಅವು ಯಾವುವೆಂದು ತಿಳಿಹೇಳುವುದು.

ಈ ಕೆಲಸಗಳಲ್ಲಿ ಹಣ ಖರ್ಚಾಗತಕ್ಕದ್ದು ಒಂದೂ ಇಲ್ಲ. ಕೀಟನಾಶಕಕ್ಕೆ ಬೆಲೆ ಕೊಡಬೇಕು, ಸಿಂಪಡಿಸುವವನಿಗೆ ಕೂಲಿ ಕೊಡಬೇಕು. ನೆಲಗಪ್ಪೆಯೊಂದರಿಂದಲೇ ಕೀಟಬಾಧೆಯೆಲ್ಲ ತೀರುವುದೆಂದು ಯಾರೂ ಭರವಸೆ ಕೊಡಲಾರರು. ಆದರೆ ಹಕ್ಕಿ, ಜೇಡ, ಹಲ್ಲಿಗಳೊಡನೆ ಸೇರಿ ಅದು ಪ್ರತಿರಾತ್ರಿಯೂ ಮಾಡುವ ಕೆಲಸವನ್ನು ಕಳೆದುಕೊಂಡ ಮೇಲೆ ಬೆಲೆ ಕೊಟ್ಟು ಪಡೆಯುವುದು ಕಷ್ಟ. ಆರು ವಾರಗಳ ಕಾಲ ಒಂದು ತಗ್ಗಿನ ನೀರನ್ನು ಅದರ ಪಾಡಿಗೆ ಬಿಡುವುದು, ಇಷ್ಟೇ ಅದು ಬೇಸಾಯಗಾರನಿಂದ ಕೇಳುವ ಸಂಬಳ.